1966ರ ತೋಟದ ಟ್ರ್ಯಾಕ್ಟರ್ ತಂದಿದ್ದೇನೆ, ಎಂಜಿನ್ ಜಾಮ್ ಆಗಿದೆ. ಎಲ್ಲಿಂದ ಶುರು ಮಾಡಲಿ?

ಹಳದಿ ಬಾನೆಟ್:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ನನಗೇ ಸಹಾಯ ಬೇಕಾಗಿದೆ.

ಒಂದು ಹಳೇ ತೋಟದ ಟ್ರ್ಯಾಕ್ಟರ್ ತಂದಿದ್ದೇನೆ. ಇಂಟರ್‌ನ್ಯಾಷನಲ್ ಕಬ್ ಕ್ಯಾಡೆಟ್ 122. ಎಂಜಿನ್ ಕೋಹ್ಲರ್ ಕೆ-301, ಒಂದೇ ಸಿಲಿಂಡರ್, 12 ಎಚ್‌ಪಿ. ಮುಂದಕ್ಕೆ ಮೂರು ಗೇರ್, ಹಿಂದಕ್ಕೆ ಒಂದು. ಮೊದಲಿದ್ದವರು ಸುಮಾರು ಹದಿನೈದು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ನಿಲ್ಲಿಸುವಾಗ ಓಡುತ್ತಿತ್ತು ಅಂತ ಹೇಳಿದರು. ಅದನ್ನು ನಾನು ನಂಬುತ್ತೇನೆ, ಯಾಕಂದ್ರೆ ಎಣ್ಣೆ ಕಡ್ಡಿ ಎಳೆದು ನೋಡಿದಾಗ ಎಣ್ಣೆ ಕಪ್ಪಗಿದ್ದರೂ ಮಟ್ಟ ಸರಿಯಾಗಿತ್ತು.

ಈಗಿನ ಸ್ಥಿತಿ ಹೀಗಿದೆ. ಎಂಜಿನ್ ತಿರುಗುತ್ತಿಲ್ಲ, ಮುಂದಿನ ಪುಲ್ಲಿ ಹಿಡಿದು ಜಗ್ಗಿದರೂ ಅಲ್ಲಾಡುತ್ತಿಲ್ಲ. ಪೆಟ್ರೋಲ್ ಟ್ಯಾಂಕ್ ಒಳಗೆ ತುಕ್ಕು. ಸೆಡಿಮೆಂಟ್ ಗಾಜಿನ ಬಟ್ಟಲಲ್ಲಿ ಕಂದು ಅಂಟು ಗಟ್ಟಿಯಾಗಿ ಕೂತಿದೆ. ಹಿಂದಿನ ಟೈರ್ ಎರಡೂ ಗಾಳಿ ಹಿಡಿಯುತ್ತಿವೆ, ಮುಂದಿನ ಒಂದು ಬಿರುಕು ಬಿಟ್ಟಿದೆ. ಸ್ಟೀರಿಂಗ್ ಕಾಲು ಸುತ್ತು ತಿರುಗಿದ ಮೇಲೆ ಚಕ್ರ ಅಲ್ಲಾಡುತ್ತದೆ. ಬಾನೆಟ್ ಮೇಲೆ ಬಣ್ಣ ಮಾಸಿದೆ, ಆದರೆ ತಗಡು ಎಲ್ಲೂ ತೂತಾಗಿಲ್ಲ.

ನನಗೆ ಪ್ರದರ್ಶನಕ್ಕಿಡುವ ಗಾಡಿ ಬೇಡ. ಹುಲ್ಲು ಕತ್ತರಿಸಬೇಕು, ಸಣ್ಣ ಟ್ರೈಲರ್ ಎಳೆಯಬೇಕು, ಅಷ್ಟೇ. ಸ್ಕೂಟರ್ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ಇದೆ, ಟ್ರ್ಯಾಕ್ಟರ್ ಇದೇ ಮೊದಲು. ಎಲ್ಲಿಂದ ಕೈ ಹಾಕಲಿ?

ನಿಧಾನವೇ ಸರಿ:
ಒಳ್ಳೆ ಗಾಡಿ ಸಿಕ್ಕಿದೆ ನಿಮಗೆ. ಇವತ್ತು ಸ್ಪ್ಯಾನರ್ ಮುಟ್ಟಬೇಡಿ. ಮೊದಲು ಫೋಟೋ ತೆಗೆಯಿರಿ. ಪ್ರತಿಯೊಂದು ವೈರು, ಪ್ರತಿಯೊಂದು ಲಿಂಕು, ಗವರ್ನರ್ (ಎಂಜಿನ್ ವೇಗವನ್ನು ಮಿತಿಯಲ್ಲಿಡುವ ಭಾಗ) ಸ್ಪ್ರಿಂಗ್ ಯಾವ ತೂತಿನಲ್ಲಿ ಸಿಕ್ಕಿಸಿದೆ ಎಂಬುದು ಕೂಡ. ಮೂರು ವಾರ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಎಂಜಿನ್ ತಗಡಿನ ಮೇಲೆ ಒಂದು ಪ್ಲೇಟ್ ಇರುತ್ತದೆ. ಅದರಲ್ಲಿ ಮಾಡೆಲ್, ಸ್ಪೆಸಿಫಿಕೇಶನ್ ನಂಬರ್, ಸೀರಿಯಲ್ ನಂಬರ್ ಮೂರನ್ನೂ ಬರೆದಿಟ್ಟುಕೊಳ್ಳಿ. ಬಿಡಿಭಾಗ ತರಿಸುವಾಗ ಬರೀ ಕೆ-301 ಅಂದರೆ ಸಾಲದು, ಸ್ಪೆಸಿಫಿಕೇಶನ್ ನಂಬರ್ ಕೇಳುತ್ತಾರೆ.

ಆಮೇಲೆ ಎರಡು ಮಾತು. ಬ್ಯಾಟರಿ ಕೊಟ್ಟು ಸ್ಟಾರ್ಟರ್‌ನಿಂದ ತಿರುಗಿಸಿ ಬಿಡಿಸೋಣ ಎಂದು ಹೋಗಬೇಡಿ. ಪ್ಲಗ್ ತೂತಿಗೆ ಕಬ್ಬಿಣದ ಸರಳು ತೂರಿಸಿ ಪಿಸ್ಟನ್‌ಗೆ ಹೊಡೆಯಲೂ ಬೇಡಿ. ಪಿಸ್ಟನ್ ಅಲ್ಯುಮಿನಿಯಂ, ಒಂದೇ ಏಟಿಗೆ ತೂತಾಗುತ್ತದೆ. ಇದು ಸೈಡ್ ವಾಲ್ವ್ ಎಂಜಿನ್, ಹೆಡ್ಡಿನಲ್ಲಿ ವಾಲ್ವ್ ಇಲ್ಲ, ರಾಕರ್ ಇಲ್ಲ. ಬೋಲ್ಟ್ ಬಿಚ್ಚಿದರೆ ಹೆಡ್ ಮುಚ್ಚಳದ ಹಾಗೆ ಎದ್ದು ಬರುತ್ತದೆ. ಒಳಗೇನಾಗಿದೆ ಅಂತ ಕಣ್ಣಲ್ಲೇ ನೋಡಬಹುದಾದಾಗ ಊಹೆ ಯಾಕೆ?

ಹೆಡ್ ಮೇಲಿನ ಮತ್ತು ಸಿಲಿಂಡರ್ ಸುತ್ತಲಿನ ತಗಡನ್ನೂ ತೆಗೆಯಿರಿ. ಹದಿನೈದು ವರ್ಷ ನಿಂತ ಗಾಡಿಯಲ್ಲಿ ಇಲಿ ಮನೆ ಮಾಡದೇ ಇರುವುದು ಅಪರೂಪ. ಗಾಳಿಯಿಂದ ತಣ್ಣಗಾಗುವ ಎಂಜಿನ್ ಇದು. ಬಿಸಿ ಹೊರಗೆ ಬಿಡುವ ಲೋಹದ ರೆಕ್ಕೆಗಳ, ಅಂದರೆ ಫಿನ್ ನಡುವೆ ಹುಲ್ಲು ತುಂಬಿದ್ದರೆ ಓಡಿದ ಹತ್ತು ನಿಮಿಷಕ್ಕೆ ಸುಡುತ್ತದೆ.

ಗ್ರೀಸ್ ಗನ್:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಜಾಮ್ ಆಗಿರುವುದು ಎಂಜಿನ್ನೇ ಅಂತ ಖಾತ್ರಿ ಇದೆಯಾ?

ಈ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಬೆಲ್ಟ್ ಇಲ್ಲ. ಎಂಜಿನ್‌ನಿಂದ ಗೇರ್ ಬಾಕ್ಸಿಗೆ ನೇರವಾಗಿ ಶಾಫ್ಟ್ ಹೋಗುತ್ತದೆ, ಕ್ಲಚ್ ಆ ಶಾಫ್ಟ್ ಮೇಲೆಯೇ ಇದೆ. ಗೇರಿನಲ್ಲಿ ನಿಲ್ಲಿಸಿ ಬಿಟ್ಟಿದ್ದರೆ, ಬ್ರೇಕು ಕಚ್ಚಿಕೊಂಡಿದ್ದರೆ, ನೀವು ಪುಲ್ಲಿ ಜಗ್ಗುವಾಗ ಇಡೀ ಟ್ರ್ಯಾಕ್ಟರನ್ನೇ ಜಗ್ಗುತ್ತಿದ್ದೀರಿ. ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ಇನ್ನೊಂದು, ಇದರ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಡಬ್ಬಿ, ಬೆಲ್ಟಿನಿಂದ ಎಂಜಿನ್‌ಗೆ ಸೇರಿರುತ್ತದೆ. ಅದರ ಬೇರಿಂಗ್ ತುಕ್ಕು ಹಿಡಿದರೂ ಎಂಜಿನ್ ಜಾಮ್ ಆದ ಹಾಗೇ ಅನ್ನಿಸುತ್ತದೆ. ಬೆಲ್ಟ್ ಬಿಚ್ಚಿ ಒಮ್ಮೆ ತಿರುಗಿಸಿ ನೋಡಿ.

ಈ ಗಾಡಿಗಳ ಮೇಲೆ ನನಗೆ ತುಂಬಾ ಪ್ರೀತಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಮೊದಲ ಕಬ್ ಕ್ಯಾಡೆಟ್ ತಂದಾಗ ಅದಕ್ಕಿದ್ದದ್ದು 7 ಎಚ್‌ಪಿ ಎಂಜಿನ್. ದೊಡ್ಡ ಟ್ರ್ಯಾಕ್ಟರ್ ಮಾಡುವವರೇ ಚಿಕ್ಕದನ್ನೂ ಮಾಡಿದ್ದರು, ಹಾಗಾಗಿ ಗೇರ್ ಬಾಕ್ಸ್ ಎರಕದ ಕಬ್ಬಿಣ, ಹಲ್ಲುಗಳು ದಪ್ಪ. 122 ಮಾಡೆಲ್ 1965ರಿಂದ 1967ರವರೆಗೆ ಬಂತು. ಜಾನ್ ಡೀರ್ 110 ಶುರುವಾಗಿದ್ದು 1963ರಲ್ಲಿ. ವೀಲ್ ಹಾರ್ಸ್ ಇವೆರಡಕ್ಕಿಂತ ಹಳೆಯದು. ಮೂರೂ ಕಂಪನಿಗಳು ಆ ಕಾಲದಲ್ಲಿ ಇದೇ ಸಾಲಿನ ಕೋಹ್ಲರ್ ಎಂಜಿನ್ ಬಳಸಿವೆ. ಅದಕ್ಕೇ ಇವತ್ತಿಗೂ ಪಾಯಿಂಟು, ಗ್ಯಾಸ್ಕೆಟ್ಟು, ರಿಂಗು ಸಿಗುತ್ತಿವೆ.

ಹಳದಿ ಬಾನೆಟ್:
ಗೇರ್ ನ್ಯೂಟ್ರಲ್‌ನಲ್ಲೇ ಇತ್ತು. ಬೆಲ್ಟ್ ಬಿಚ್ಚಿದೆ. ಸ್ಟಾರ್ಟರ್ ಡಬ್ಬಿ ಕಿರ್ ಅಂತ ಸದ್ದು ಮಾಡಿದರೂ ತಿರುಗುತ್ತದೆ. ಎಂಜಿನ್ ಮಾತ್ರ ಅಲ್ಲಾಡಲಿಲ್ಲ. ಹೆಡ್ ತೆಗೆದೆ. ಎರಡು ಬೋಲ್ಟ್ ಬಿಗಿಯಾಗಿದ್ದವು, ಎರಡು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಹಾಗೇ ಆಡಿಸಿ ತೆಗೆದೆ. ಒಂದೂ ಮುರಿಯಲಿಲ್ಲ.

ಒಳಗೆ ಕಂಡದ್ದು ಹೇಳುತ್ತೇನೆ. ಪಿಸ್ಟನ್ ಅರ್ಧ ಕೆಳಗೆ ನಿಂತಿದೆ. ಅದರ ತಲೆಯ ಮೇಲೆ ಕಾರ್ಬನ್ ಗಟ್ಟಿಯಾಗಿ ಹೊಟ್ಟು ಕಟ್ಟಿದೆ. ಪಿಸ್ಟನ್ ಅಂಚಿನ ಸುತ್ತ, ಸಿಲಿಂಡರ್ ಗೋಡೆಯಲ್ಲಿ, ಕಿತ್ತಳೆ ಬಣ್ಣದ ತುಕ್ಕಿನ ಬಳೆ. ಅದರ ಮೇಲಿನ ಗೋಡೆ ಮಾತ್ರ ಬೆರಳಾಡಿಸಿದರೆ ನುಣ್ಣಗಿದೆ, ಗೀರಿಲ್ಲ. ಎರಡು ವಾಲ್ವ್‌ಗಳಲ್ಲಿ ಒಂದು ಮುಚ್ಚಿದೆ. ಸೈಲೆನ್ಸರ್ ಕಡೆಯ ವಾಲ್ವ್ ಸ್ವಲ್ಪ ಎದ್ದು ನಿಂತಿದೆ, ಸುತ್ತ ತುಕ್ಕು. ಎಂಜಿನ್ ನಿಂತಾಗ ಅದು ತೆರೆದೇ ಇತ್ತು ಅಂತ ಕಾಣುತ್ತದೆ. ಸೈಲೆನ್ಸರ್ ಮೂಲಕ ತೇವ ನೇರ ಸಿಲಿಂಡರ್ ಒಳಗೆ ಇಳಿದಿದೆ.

ಇಲಿ ಗೂಡೂ ಇತ್ತು. ತಗಡು ತೆಗೆದ ಕೂಡಲೇ ಒಣ ಹುಲ್ಲು, ಹತ್ತಿ, ಯಾವುದೋ ಹಸಿರು ಪ್ಲಾಸ್ಟಿಕ್ ಚೂರು, ಎರಡು ಕೈ ತುಂಬ ಬಂತು. ಫಿನ್ ನಡುವೆ ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಮಧ್ಯಾಹ್ನ ಪೂರ್ತಿ ಅದೇ ಕೆಲಸ ಮಾಡಿದೆ.

ಈಗ ಪಿಸ್ಟನ್ ಬಿಡಿಸುವುದು ಹೇಗೆ?

ಟಾರ್ಕ್ ರೆಂಚ್:
ಗೀರಿಲ್ಲ ಅಂದರೆ ಅರ್ಧ ಗೆದ್ದ ಹಾಗೆ. ನಾನು ಮಾಡುವ ರೀತಿ ಹೇಳುತ್ತೇನೆ.

ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಕಲಸಿ ಪಿಸ್ಟನ್ ಮೇಲೆ ಸುರಿಯಿರಿ. ಇವೆರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮುಂಚೆ ಪ್ರತಿ ಸಲ ಬಾಟಲಿ ಅಲ್ಲಾಡಿಸಿ. ಬೆಂಕಿ ಹತ್ತಿರ ಬರಕೂಡದು, ಬಾಗಿಲು ತೆರೆದಿರಲಿ. ದಿನಾ ಮಟ್ಟ ನೋಡಿ. ಎಣ್ಣೆ ಕೆಳಗಿಳಿದಿದ್ದರೆ ಒಳ್ಳೆಯ ಸೂಚನೆ, ಪಿಸ್ಟನ್ ಸುತ್ತಲಿನ ರಿಂಗ್ ಪಕ್ಕ ದಾರಿ ಸಿಕ್ಕಿದೆ ಅಂತ ಅರ್ಥ. ಐದಾರು ದಿನ ಬಿಡಿ. ನಡುವೆ ಸಿಲಿಂಡರ್ ಗೋಡೆಯ ತುಕ್ಕನ್ನು ನಯವಾದ ಎಮರಿ ಕಾಗದದಿಂದ ಮೆಲ್ಲಗೆ ಒರೆಸಿ. ಪಿಸ್ಟನ್ ಆ ತುಕ್ಕಿನ ಮೇಲೆ ಹತ್ತಬೇಕಾಗುತ್ತದೆ, ದಾರಿ ನುಣ್ಣಗಿರಲಿ.

ಆಮೇಲೆ ಪಿಸ್ಟನ್ ಅಳತೆಗೆ ಸರಿಯಾದ ಗಟ್ಟಿ ಮರದ ತುಂಡು ಇಟ್ಟು, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಏಟಲ್ಲ, ತಟ್ಟುವುದು. ಅದೇ ಹೊತ್ತಿಗೆ ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ಎರಡೂ ಕಡೆಗೆ ಆಡಿಸಲಿ. ಒಂದು ಕೂದಲೆಳೆ ಅಲ್ಲಾಡಿದರೂ ಸಾಕು, ಮತ್ತೆ ಎಣ್ಣೆ ಹಾಕಿ ಮಾರನೇ ದಿನ ಮುಂದುವರಿಸಿ. ಇಲ್ಲಿ ಅವಸರ ಮಾಡಿದವರೇ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಸೇರಿಸುವ ತೋಳು) ಬಗ್ಗಿಸಿಕೊಳ್ಳುವುದು. ಇದರ ರಾಡ್ ಅಲ್ಯುಮಿನಿಯಂ. ಕ್ರ್ಯಾಂಕ್ ಮೇಲೆ ನೇರವಾಗಿ ಓಡುತ್ತದೆ, ನಡುವೆ ಬೇರಿಂಗ್ ಚಿಪ್ಪು ಇಲ್ಲ. ಎಣ್ಣೆ ಪಂಪೂ ಇಲ್ಲ. ರಾಡಿನ ತುದಿಯ ಸಣ್ಣ ಸೌಟಿನಂಥ ಭಾಗ ಎಣ್ಣೆಯನ್ನು ಎರಚುತ್ತದೆ, ಅದರಲ್ಲೇ ಎಲ್ಲವೂ ನಡೆಯುತ್ತದೆ. ಹಾಗಾಗಿ ಈ ಎಂಜಿನ್‌ನಲ್ಲಿ ಎಣ್ಣೆ ಮಟ್ಟ ಕಡಿಮೆಯಾದರೆ ಮೊದಲು ಹೋಗುವುದು ರಾಡ್. ಜೀವನ ಪೂರ್ತಿ ಇದನ್ನು ನೆನಪಿಟ್ಟುಕೊಳ್ಳಿ.

ಬಿಟ್ಟ ಮೇಲೆ ಸಿಲಿಂಡರ್ ಅಳೆಯಿರಿ. ಹೊಸದರಲ್ಲಿ ಇದರ ಅಳತೆ 3.375 ಇಂಚು, ಪಿಸ್ಟನ್ ಓಡಾಟ 3.25 ಇಂಚು. ಮೇಲೆ, ನಡುವೆ, ಕೆಳಗೆ, ಅಡ್ಡ, ಉದ್ದ, ಎಲ್ಲ ಕಡೆ ನೋಡಿ. ಸವೆದಿದ್ದರೆ 0.010, 0.020, 0.030 ಇಂಚು ದೊಡ್ಡ ಪಿಸ್ಟನ್ ಸಿಗುತ್ತದೆ, ಲೇತಿನವರಲ್ಲಿ ಬೋರ್ ಮಾಡಿಸಬಹುದು.

ಬಣ್ಣದ ಡಬ್ಬಿ:
ನನ್ನ ಅಭಿಪ್ರಾಯ ಬೇರೆ. ಹೇಗೂ ಹೆಡ್ ತೆಗೆದಿದ್ದೀರಿ. ಎಂಜಿನ್ ಪೂರ್ತಿ ಕೆಳಗಿಳಿಸಿ, ರಿಂಗು, ರಾಡು, ವಾಲ್ವು, ಸೀಲು ಎಲ್ಲ ಹೊಸದು ಹಾಕಿ, ಫ್ರೇಮಿಗೆ ಬಣ್ಣ ಹೊಡೆದು ಒಂದೇ ಸಲ ಮುಗಿಸಿಬಿಡಿ. ಎರಡೆರಡು ಸಲ ಬಿಚ್ಚುವ ಕೆಲಸ ತಪ್ಪುತ್ತದೆ.

ನಿಧಾನವೇ ಸರಿ:
ಅಣ್ಣ, ನಿಮ್ಮ ಕೆಲಸದ ನಯ ಗೊತ್ತು, ಆದರೆ ಇದನ್ನು ಒಪ್ಪಲ್ಲ. ಈ ಗಾಡಿಯ ಕ್ಲಚ್ ಹೇಗಿದೆ, ಮೂರನೇ ಗೇರ್ ನಿಲ್ಲುತ್ತದಾ, ಹಿಂದಿನ ಆಕ್ಸಲ್ ಸೀಲ್ ಸೋರುತ್ತದಾ, ಯಾವುದೂ ಅವರಿಗೆ ಇನ್ನೂ ಗೊತ್ತಿಲ್ಲ. ಓಡಿಸದೆ ಗೊತ್ತಾಗುವುದೂ ಇಲ್ಲ. ಪೂರ್ತಿ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟು, ಆಸಕ್ತಿ ಹೋಗಿ, ಡಬ್ಬದ ಲೆಕ್ಕದಲ್ಲೇ ಮಾರಿದ ಗಾಡಿಗಳನ್ನು ಎಷ್ಟು ನೋಡಿಲ್ಲ ನಾವು? ಮೊದಲು ಅದರ ಕಾಲ ಮೇಲೆ ಅದು ಓಡಲಿ. ಒಂದು ತಿಂಗಳು ಕೆಲಸ ಮಾಡಿಸಲಿ. ಏನು ಬೇಕು ಅಂತ ಗಾಡಿಯೇ ಹೇಳುತ್ತದೆ.

ಹಳದಿ ಬಾನೆಟ್:
ಇಬ್ಬರಿಗೂ ಥ್ಯಾಂಕ್ಸ್. ಸದ್ಯಕ್ಕೆ ಓಡಿಸುವ ದಾರಿಯನ್ನೇ ಹಿಡಿಯುತ್ತೇನೆ.

ಏಳನೇ ದಿನ ಪಿಸ್ಟನ್ ಬಿಟ್ಟಿತು! ಮಗಳು ಪುಲ್ಲಿ ಹಿಡಿದಿದ್ದಳು, ನಾನು ಮರದ ತುಂಡಿನ ಮೇಲೆ ತಟ್ಟುತ್ತಿದ್ದೆ. ಟಕ್ ಅಂತ ಸಣ್ಣ ಸದ್ದು ಬಂತು. ಅವಳು "ಅಪ್ಪಾ, ಬಂತು ಬಂತು" ಅಂದಳು. ನೋಡಿದರೆ ಉಗುರಿನಷ್ಟು ಇಳಿದಿತ್ತು. ಆ ದಿನ ಅಲ್ಲಿಗೇ ನಿಲ್ಲಿಸಿದೆ. ಮಾರನೇ ದಿನ ಪೂರ್ತಿ ಸುತ್ತು ಬಂತು.

ಸೈಲೆನ್ಸರ್ ಕಡೆಯ ವಾಲ್ವ್ ಎಣ್ಣೆಗೆ ತಾನೇ ಸಡಿಲವಾಯಿತು. ಎರಡೂ ವಾಲ್ವ್ ಹೊರಗೆ ತೆಗೆದು ಕಾರ್ಬನ್ ಉಜ್ಜಿದೆ. ಸೈಲೆನ್ಸರ್ ಕಡೆಯದರ ಮುಖದಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೂರಿಸಿದೆ, ಬೂದು ಬಣ್ಣದ ಗೆರೆ ಸುತ್ತಲೂ ಒಂದೇ ಸಮ ಬರುವವರೆಗೂ ಉಜ್ಜಿದೆ. ಸಿಲಿಂಡರ್ ಅಳೆದೆ, ಮೇಲ್ಗಡೆ 3.378 ಬಂತು. ಹಳೇ ರಿಂಗಿನಲ್ಲೇ ಓಡಿಸುತ್ತೇನೆ. ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ ಹೆಡ್ ಉಜ್ಜಿ ಸಮ ಮಾಡಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ. ಎಷ್ಟು ಬಿಗಿ ಮಾಡಬೇಕು?

ಟಾರ್ಕ್ ರೆಂಚ್:
25ರಿಂದ 30 ಅಡಿ-ಪೌಂಡ್. ಒಂದೇ ಸಲಕ್ಕೆ ಬೇಡ, ಮೂರು ಹಂತದಲ್ಲಿ, ನಡುವಿನಿಂದ ಶುರು ಮಾಡಿ ಎದುರು ಬದುರು ಹೋಗಿ. ಒಮ್ಮೆ ಓಡಿ ಬಿಸಿಯಾಗಿ, ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ಹಳೇ ಗ್ಯಾಸ್ಕೆಟ್ ಕೆರೆಯುವಾಗ ಎಚ್ಚರ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ, ಕ್ಲಚ್ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಕೆರೆಯಿರಿ, ಗಾಳಿ ಹೊಡೆದು ಧೂಳೆಬ್ಬಿಸಬೇಡಿ.

ಹನ್ನೆರಡು ವೋಲ್ಟ್:
ಈಗ ನನ್ನ ಪಾಳಿ. ಹಳೇ ಗಾಡಿಗೆ ಕಿಡಿ ಬರುತ್ತಿಲ್ಲ ಅಂತ ಜನ ಮೊದಲು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಕೊಡುವ ಸುರುಳಿ) ಬದಲಾಯಿಸುತ್ತಾರೆ. ಹತ್ತರಲ್ಲಿ ಎಂಟು ಸಲ ಅದು ಪಾಯಿಂಟಿನ, ಅಂದರೆ ಕಾಯಿಲ್‌ನ ಕರೆಂಟನ್ನು ತೆರೆದು ಮುಚ್ಚುವ ಸಣ್ಣ ಸ್ವಿಚ್ಚಿನ ಕೊಳೆ. ಇದರ ಪಾಯಿಂಟ್ ಎಂಜಿನ್ ಪಕ್ಕದಲ್ಲೇ ಸಣ್ಣ ಮುಚ್ಚಳದ ಕೆಳಗಿದೆ, ಫ್ಲೈವೀಲ್ ತೆಗೆಯಬೇಕಾಗಿಲ್ಲ. ಕ್ಯಾಮ್ ಮೇಲಿನ ಒಂದು ಪುಟ್ಟ ಕಡ್ಡಿ ಅದನ್ನು ತಳ್ಳುತ್ತದೆ. ಆ ಕಡ್ಡಿ ಅಂಟಿಕೊಂಡಿಲ್ಲ ತಾನೇ, ಅದನ್ನೂ ನೋಡಿ.

ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.020 ಇಂಚು, ಅಂದರೆ ಅರ್ಧ ಮಿ.ಮೀ. ಹೊಸ ಪಾಯಿಂಟ್ ಹಾಕಿದರೂ ಎಣ್ಣೆಯ ಪದರ ಇರುತ್ತದೆ. ಬಿಳಿ ಕಾರ್ಡ್ ಒಂದನ್ನು ನಡುವೆ ಇಟ್ಟು ಎಳೆಯಿರಿ, ಗೆರೆ ಬೀಳದಿರುವವರೆಗೂ. ಪ್ಲಗ್ ಗ್ಯಾಪ್ 0.035 ಇಂಚು. ಕಾಯಿಲ್ ಸಣ್ಣ ಟರ್ಮಿನಲ್ ಎರಡರ ನಡುವೆ ಮೀಟರ್ ಇಟ್ಟು ನೋಡಿ, ಮೂರರಿಂದ ಐದು ಓಮ್ ಆಸುಪಾಸು ತೋರಿಸಬೇಕು. ಒಂದೂವರೆ ತೋರಿಸಿದರೆ ಅದು ಹೊರಗೆ ರೆಸಿಸ್ಟರ್ ಬೇಕಾದ ಕಾಯಿಲ್. ನೇರವಾಗಿ 12 ವೋಲ್ಟ್ ಕೊಟ್ಟರೆ ಪಾಯಿಂಟ್ ಸುಡುತ್ತದೆ.

ಗ್ಯಾಪ್ ಇಟ್ಟ ಮೇಲೆ ಟೈಮಿಂಗ್ ಕೂಡ ನೋಡಿಕೊಳ್ಳಿ. ಫ್ಲೈವೀಲ್ ಮೇಲೆ ಎಸ್ ಮತ್ತು ಟಿ ಎಂಬ ಎರಡು ಗುರುತಿವೆ. ಟಿ ಅಂದರೆ ಪಿಸ್ಟನ್ ಪೂರ್ತಿ ಮೇಲೆ. ಎಸ್ ಅಂದರೆ ಅದಕ್ಕೆ 20 ಡಿಗ್ರಿ ಮುಂಚೆ, ಕಿಡಿ ಹಾರಬೇಕಾದ ಜಾಗ. ಸಣ್ಣ ಬಲ್ಬ್ ಒಂದನ್ನು ಪಾಯಿಂಟಿಗೆ ಜೋಡಿಸಿ ಕೈಯಲ್ಲಿ ತಿರುಗಿಸಿ. ಎಸ್ ಗುರುತು ಅದನ್ನು ನೋಡುವ ಕಿಂಡಿಯ ನಡುವೆ ಬರುವಾಗಲೇ ಪಾಯಿಂಟ್ ತೆರೆಯಬೇಕು. ಸವೆದ ಎಂಜಿನ್‌ನಲ್ಲಿ ಗ್ಯಾಪಿನ ಅಂಕಿಗಿಂತ ಈ ಗುರುತನ್ನು ನಂಬುವುದು ವಾಸಿ.

ಇನ್ನೊಂದು. ಬ್ಯಾಟರಿ ಚಾರ್ಜ್ ನಿಯಂತ್ರಿಸುವ ರೆಗ್ಯುಲೇಟರ್‌ನ ವೈರ್ ಬಿಚ್ಚಿದ್ದರೆ ಜನರೇಟರ್‌ಗೆ ಧ್ರುವ (ಪ್ಲಸ್ ಯಾವುದು, ಮೈನಸ್ ಯಾವುದು ಅಂತ) ನೆನಪಿಸಬೇಕು. ಎಂಜಿನ್ ನಿಂತಿರುವಾಗ, ರೆಗ್ಯುಲೇಟರಿನ ಬ್ಯಾಟರಿ ಟರ್ಮಿನಲ್‌ನಿಂದ ಜನರೇಟರ್ ಟರ್ಮಿನಲ್‌ಗೆ ಒಂದು ತಂತಿಯನ್ನು ಕ್ಷಣ ಮಾತ್ರ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಅಷ್ಟೇ. ಇದನ್ನು ಮರೆತರೆ ಉಲ್ಟಾ ಚಾರ್ಜ್ ಆಗಿ ರೆಗ್ಯುಲೇಟರ್ ಪಾಯಿಂಟ್ ಅಂಟಿಕೊಳ್ಳಬಹುದು.

ಗ್ರೀಸ್ ಗನ್:
ಸ್ಟಾರ್ಟ್ ಮಾಡುವ ಮುಂಚೆ ಗವರ್ನರ್ ಲಿಂಕ್ ಕೈಯಲ್ಲಿ ಆಡಿಸಿ ನೋಡಿ. ಈ ಎಂಜಿನ್‌ನ ಮಿತಿ ನಿಮಿಷಕ್ಕೆ 3,600 ಸುತ್ತು. ಗವರ್ನರ್ ಅಂಟಿಕೊಂಡಿದ್ದರೆ ಮೊದಲ ಸ್ಟಾರ್ಟಿನಲ್ಲೇ ಮಿತಿ ಮೀರಿ ಓಡಿ ರಾಡ್ ಮುರಿಯುತ್ತದೆ. ಇಗ್ನಿಷನ್ ವೈರ್ ಕೀಳಲು ಒಂದು ಕೈ ಸಿದ್ಧ ಇರಲಿ.

ಹಳದಿ ಬಾನೆಟ್:
ಓಡಿತು!

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಟ್ಯಾಂಕಿಗೆ ವಿನೆಗರ್ ತುಂಬಿ, ಒಂದು ಹಿಡಿ ನಟ್ ಹಾಕಿ ಕುಲುಕಿ, ಎರಡು ದಿನ ಬಿಟ್ಟು ತೊಳೆದು ಒಣಗಿಸಿದೆ. ಕಾರ್ಬೊರೇಟರ್ ಬಿಚ್ಚಿದೆ. ಬಟ್ಟಲ ತಳದಲ್ಲಿ ಹಳೇ ಪೆಟ್ರೋಲ್ ಅರಗಿನ ಹಾಗೆ ಗಟ್ಟಿಯಾಗಿತ್ತು. ಜೆಟ್ ತೂತನ್ನು ತಂತಿಯ ಒಂದೇ ಎಳೆಯಿಂದ ಬಿಡಿಸಿದೆ. ಮುಖ್ಯ ಸೂಜಿಯನ್ನು ಮೆಲ್ಲಗೆ ತಳ ಮುಟ್ಟಿಸಿ ಎರಡು ಸುತ್ತು ಹೊರಗೆ ಬಿಟ್ಟೆ. ಹೊಸ 30 ನಂಬರ್ ಎಣ್ಣೆ ಹಾಕಿದೆ. ಚೋಕ್ ಎಳೆದು ಗುಂಡಿ ಒತ್ತಿದೆ. ನಾಲ್ಕನೇ ಸಲ ಒಂದು ಕೆಮ್ಮು, ಐದನೇ ಸಲ ಹಿಡಿಯಿತು. ನೀಲಿ ಹೊಗೆ ಐದು ನಿಮಿಷ ಬಂತು, ಆಮೇಲೆ ನಿಂತಿತು. ಡುಬು ಡುಬು ಅಂತ ಆ ಸದ್ದು ಕೇಳಬೇಕು ನೀವು.

ಆದರೆ ಒಂದು ತೊಂದರೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಶಕ್ತಿ ಇಳಿಯುತ್ತಾ ಬಂದು ನಿಂತುಬಿಡುತ್ತದೆ. ಎಷ್ಟು ತಿರುಗಿಸಿದರೂ ಹಿಡಿಯಲ್ಲ. ಒಂದು ಗಂಟೆ ಬಿಟ್ಟರೆ ಮೊದಲ ಗುಂಡಿಗೇ ಸ್ಟಾರ್ಟ್. ಮೂರು ದಿನದಿಂದ ಇದೇ.

ಹನ್ನೆರಡು ವೋಲ್ಟ್:
ಬಿಸಿಯಾದಾಗ ನಿಂತು ತಣ್ಣಗಾದಾಗ ಓಡುವುದು ಕಾಯಿಲ್ ಅಥವಾ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಕೆಟ್ಟಿರುವ ಲಕ್ಷಣ. ಆದರೆ ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ. ನಿಂತ ಕೂಡಲೇ ಇನ್ನೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ ಮೈಗೆ ಮುಟ್ಟಿಸಿ ತಿರುಗಿಸಿ. ಪೆಟ್ರೋಲ್ ಇರುವ ಕಡೆಯಿಂದ ದೂರ.

ಬಣ್ಣದ ಡಬ್ಬಿ:
ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿರಬಹುದು. ಒಳಗೆ ನಿರ್ವಾತ ಆಗಿ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ.

ಗ್ರೀಸ್ ಗನ್:
ಇದಕ್ಕೆ ಪೆಟ್ರೋಲ್ ಪಂಪ್ ಇಲ್ಲ, ಟ್ಯಾಂಕ್ ಮೇಲಿದೆ, ತಾನೇ ಇಳಿದು ಬರುತ್ತದೆ. ನಿಂತಾಗ ಕಾರ್ಬೊರೇಟರ್ ಪೈಪ್ ಬಿಚ್ಚಿ ಜಾಡಿಗೆ ಬಿಡಿ. ತೊಟ್ಟಿಕ್ಕುತ್ತಿದ್ದರೆ ಟ್ಯಾಂಕಿನ ತುಕ್ಕು ಮತ್ತೆ ಕಟ್ಟಿದೆ ಅಂತ. ಎಂಜಿನ್ ಬಿಸಿ ಇರುತ್ತದೆ, ಒಂದು ತೊಟ್ಟೂ ಅದರ ಮೇಲೆ ಬೀಳಬಾರದು, ಹುಷಾರು.

ಹಳದಿ ಬಾನೆಟ್:
ಮೂರನ್ನೂ ನೋಡಿದೆ. ಬಿಸಿಯಲ್ಲಿ ನಿಂತಾಗಲೂ ಕಿಡಿ ನೀಲಿ, ಚೆನ್ನಾಗಿದೆ. ಮುಚ್ಚಳ ಪೂರ್ತಿ ತೆಗೆದು ಓಡಿಸಿದೆ, ಇಪ್ಪತ್ತೆರಡನೇ ನಿಮಿಷಕ್ಕೆ ನಿಂತಿತು. ಪೈಪಿನಿಂದ ಪೆಟ್ರೋಲ್ ಧಾರೆಯಾಗಿ ಬರುತ್ತಿದೆ. ಪ್ಲಗ್ ಒದ್ದೆಯಾಗಿದೆ. ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಹಿಡಿಯುತ್ತಿಲ್ಲ.

ನಿಧಾನವೇ ಸರಿ:
ಹಾಗಾದರೆ ಉಳಿದಿದ್ದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತುವ ಒತ್ತಡ. ಒಂದು ಪ್ರಶ್ನೆ. ವಾಲ್ವ್ ಉಜ್ಜಿ ಕೂರಿಸಿದಿರಲ್ಲ, ಆಮೇಲೆ ಟ್ಯಾಪೆಟ್ (ವಾಲ್ವನ್ನು ಕೆಳಗಿನಿಂದ ಎತ್ತುವ ಭಾಗ) ಮತ್ತು ವಾಲ್ವ್ ನಡುವಿನ ಗ್ಯಾಪ್ ಅಳೆದಿರಾ?

ಉಜ್ಜಿದಾಗ ವಾಲ್ವ್ ತನ್ನ ಕೂರುವ ಜಾಗದಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ. ಅದು ಎಷ್ಟು ಇಳಿಯಿತೋ ಕೆಳಗೆ ಟ್ಯಾಪೆಟ್ ಗ್ಯಾಪ್ ಅಷ್ಟೇ ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಏನೂ ಗೊತ್ತಾಗಲ್ಲ. ಬಿಸಿಯಾದಾಗ ವಾಲ್ವ್ ಕಾಂಡ ಉದ್ದವಾಗುತ್ತದೆ, ಗ್ಯಾಪ್ ಮುಗಿಯುತ್ತದೆ, ವಾಲ್ವ್ ಮುಚ್ಚಲು ಆಗುವುದೇ ಇಲ್ಲ. ಸೈಲೆನ್ಸರ್ ಕಡೆಯದು ಜಾಸ್ತಿ ಬಿಸಿಯಾಗುವುದರಿಂದ ಅದಕ್ಕೇ ಮೊದಲು ಹೀಗಾಗುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ನಿಮ್ಮ ಲಕ್ಷಣ ಪೂರ್ತಿ ಇದಕ್ಕೇ ಹೊಂದುತ್ತದೆ.

ನಿಂತ ಕೂಡಲೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಓಡುವ ದಿಕ್ಕಿಗಲ್ಲ, ಹಿಂದಕ್ಕೆ. ಈ ಸಾಲಿನ ಬಹಳಷ್ಟು ಎಂಜಿನ್‌ಗಳಲ್ಲಿ ಸ್ಟಾರ್ಟ್ ಸುಲಭ ಆಗಲಿ ಅಂತ ಕಡಿಮೆ ವೇಗದಲ್ಲಿ ಸೈಲೆನ್ಸರ್ ವಾಲ್ವನ್ನು ತುಸು ಎತ್ತಿ ಹಿಡಿಯುವ ಏರ್ಪಾಡಿದೆ. ಮುಂದಕ್ಕೆ ತಿರುಗಿಸಿದರೆ ಒಳ್ಳೆ ಎಂಜಿನ್ನೂ ಸತ್ತ ಹಾಗೆ ಕಾಣುತ್ತದೆ. ಹಿಂದಕ್ಕೆ ತಿರುಗಿಸಿದಾಗ ಗಟ್ಟಿಯಾಗಿ ತಡೆಯಬೇಕು, ಬಿಟ್ಟರೆ ಪುಟಿಯಬೇಕು.

ಹಳದಿ ಬಾನೆಟ್:
ಅಳೆದಿರಲಿಲ್ಲ. ನಿನ್ನೆ ಬೆಳಿಗ್ಗೆ ತಣ್ಣಗಿದ್ದಾಗ ಹಿಂದಕ್ಕೆ ತಿರುಗಿಸಿದೆ, ಕೈಗೆ ಒದ್ದ ಹಾಗೆ ಪುಟಿಯಿತು. ಓಡಿಸಿ, ನಿಂತ ಮೇಲೆ ಮತ್ತೆ ತಿರುಗಿಸಿದೆ, ಪುಲ್ಲಿ ಸಲೀಸಾಗಿ ಸುತ್ತಿತು. ಸೈಲೆನ್ಸರ್ ಬಾಯಲ್ಲಿ ಸುಯ್ ಅಂತ ಗಾಳಿ ಹೋಗುವುದು ಕೇಳಿಸಿತು. ಎದೆ ಧಸಕ್ ಅಂದರೂ ಒಂದು ಕಡೆ ಸಮಾಧಾನವೂ ಆಯಿತು, ಕೊನೆಗೂ ಸಿಕ್ಕಿತಲ್ಲ ಅಂತ.

ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಕಾರ್ಬೊರೇಟರ್ ಬಿಚ್ಚಿ ಪಕ್ಕದ ಬ್ರೀದರ್ ಮುಚ್ಚಳ ತೆಗೆದೆ. ಒಳಗೆ ಟ್ಯಾಪೆಟ್ ಎರಡೂ ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಪಿಸ್ಟನ್ ಕಂಪ್ರೆಷನ್ನಿನಲ್ಲಿ ಪೂರ್ತಿ ಮೇಲಿಟ್ಟು ಫೀಲರ್ ಗೇಜ್ ತೂರಿಸಿದೆ. ಗಾಳಿ ಒಳಗೆ ಬರುವ ಕಡೆ 0.007 ಹೋಯಿತು. ಸೈಲೆನ್ಸರ್ ಕಡೆ 0.004 ಕೂಡ ಬಿಗಿಯಾಗಿ ಹೋಯಿತು. ಎಷ್ಟಿರಬೇಕು?

ಟಾರ್ಕ್ ರೆಂಚ್:
ತಣ್ಣಗಿರುವಾಗ ಒಳಗೆ ಬರುವ ಕಡೆ 0.008ರಿಂದ 0.010 ಇಂಚು. ಸೈಲೆನ್ಸರ್ ಕಡೆ 0.017ರಿಂದ 0.019. ನಿಮ್ಮದು ಕಾಲು ಭಾಗವೂ ಇಲ್ಲ. ಅದೃಷ್ಟಕ್ಕೆ ಕೆ-301ರಲ್ಲಿ ಟ್ಯಾಪೆಟ್ ತಿರುಗಿಸಿ ಹೊಂದಿಸುವ ಹಾಗಿದೆ. ಇದರ ತಮ್ಮ ಕೆ-181ರಲ್ಲಿ ಆ ಅನುಕೂಲ ಇಲ್ಲ, ವಾಲ್ವ್ ಕಾಂಡದ ತುದಿಯನ್ನೇ ಸಾಣೆ ಹಿಡಿಯಬೇಕು. ತೆಳು ಸ್ಪ್ಯಾನರ್ ಎರಡು ಬೇಕು. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅಳತೆ ಸರಿಯುತ್ತದೆ.

ಇನ್ನೂ ಹೆಚ್ಚು ದಿನ ಹೀಗೇ ಓಡಿಸಿದ್ದರೆ ವಾಲ್ವ್ ಸುಟ್ಟು ಹೋಗುತ್ತಿತ್ತು. ವಾಲ್ವ್ ತನ್ನ ಬಿಸಿಯನ್ನು ಕಳೆದುಕೊಳ್ಳುವುದು ಮುಚ್ಚಿ ಕೂತಾಗ, ಆ ಕೂರುವ ಜಾಗದ ಮೂಲಕ.

ಹಳದಿ ಬಾನೆಟ್:
ಸೈಲೆನ್ಸರ್ ಕಡೆ 0.018, ಇನ್ನೊಂದು 0.009ಕ್ಕೆ ಇಟ್ಟೆ. ಎರಡು ಗಂಟೆ ಹಿಡಿಯಿತು, ಮಾರುಕಟ್ಟೆಯ ಸ್ಪ್ಯಾನರ್ ದಪ್ಪ ಇದ್ದದ್ದಕ್ಕೆ ಒಂದನ್ನು ಸಾಣೆ ಹಿಡಿದು ತೆಳುವಾಗಿಸಬೇಕಾಯಿತು.

ಇವತ್ತು ಒಂದು ಗಂಟೆ ಹತ್ತು ನಿಮಿಷ ನಿಲ್ಲದೆ ಓಡಿತು. ನಾನೇ ನಿಲ್ಲಿಸಿದೆ. ಬಿಸಿ ಇರುವಾಗಲೇ ಗುಂಡಿ ಒತ್ತಿದೆ, ತಕ್ಷಣ ಹಿಡಿಯಿತು. ಮೂರು ಗೇರಲ್ಲೂ ಓಡಿಸಿದೆ. ಕ್ಲಚ್ ಜಾರುತ್ತಿಲ್ಲ, ಆದರೆ ಒತ್ತಿದಾಗ ಗರ್ ಅನ್ನುತ್ತದೆ.

ಗ್ರೀಸ್ ಗನ್:
ಅದು ಕ್ಲಚ್ ರಿಲೀಸ್ ಬೇರಿಂಗ್. ಒಂದಷ್ಟು ದಿನ ನಡೆಯುತ್ತದೆ. ತೆಗೆಯುವಾಗ ಶಾಫ್ಟಿನ ದೊಡ್ಡ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ. ಅದನ್ನು ಹಿಡಿದಿಡುವ ಉಪಕರಣ ಇಲ್ಲದೆ ಪಿನ್ ಹೊಡೆಯಬೇಡಿ, ಕೈ ಹೋಗುತ್ತದೆ. ಆಗ ಡ್ರೈವ್ ಪ್ಲೇಟಿನ ಮೂರು ಪಿನ್‌ಗಳನ್ನೂ ನೋಡಿ, ತೂತುಗಳು ಮೊಟ್ಟೆ ಆಕಾರಕ್ಕೆ ಸವೆದಿರುತ್ತವೆ.

ಬಣ್ಣದ ಡಬ್ಬಿ:
ನನ್ನ ಮಾತು ತಪ್ಪಾಯಿತು, ಸಂತೋಷದಿಂದ ಒಪ್ಪುತ್ತೇನೆ. ಎಂಜಿನ್ ಪೂರ್ತಿ ಬಿಚ್ಚಿದ್ದರೆ ಈ ಗ್ಯಾಪಿನ ವಿಷಯ ಬೇರೆ ಹತ್ತು ಹೊಸ ಭಾಗಗಳ ನಡುವೆ ಹುದುಗಿ ಹೋಗುತ್ತಿತ್ತು.

ಬಣ್ಣದ ಬಗ್ಗೆ ಒಂದು ಕೋರಿಕೆ. ಬಾನೆಟ್ ಮೇಲಿನ ಹಳದಿಯನ್ನು ಈಗಲೇ ಕೆರೆಯಬೇಡಿ. ಒಂದು ಮೂಲೆಯಲ್ಲಿ ನಯವಾದ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಆ ಕಾಲದ ಬಣ್ಣ ದಪ್ಪ, ಮಾಸಿದ ಪದರದ ಕೆಳಗೆ ಒಳ್ಳೆಯ ಹಳದಿ ಇರುತ್ತದೆ. ಕೆರೆಯಲೇಬೇಕಾದ ಕಡೆ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ. ಅದರಲ್ಲಿ ಸೀಸ ಇರಬಹುದು, ಮನೆಯಲ್ಲಿ ಮಕ್ಕಳಿದ್ದಾರೆ.

ಹಳದಿ ಬಾನೆಟ್:
ಮಗಳು ಬಲಗಡೆ ಅಂಗೈ ಅಗಲ ಜಾಗ ಉಜ್ಜಿದಳು. ಕೆಳಗಿಂದ ಹೊಸದರಂಥ ಹಳದಿ ಬಂತು, ಪಕ್ಕದ ಅಕ್ಷರಗಳೂ ಓದಲು ಬರುತ್ತಿವೆ. ಪೂರ್ತಿ ಬಾನೆಟ್ ತಾನೇ ಮಾಡುತ್ತೇನೆ ಅಂತ ಹೇಳಿದ್ದಾಳೆ, ನಾನು ಕೈ ಹಾಕಲ್ಲ.

ಹೆಡ್ ಬೋಲ್ಟ್ ಇವತ್ತು ಮತ್ತೆ ಬಿಗಿ ಮಾಡಿದೆ, ಎರಡು ಸ್ವಲ್ಪ ಸಡಿಲವಾಗಿದ್ದವು. ಮುಂದಿನದು ಸ್ಟೀರಿಂಗ್ ಬಾಕ್ಸ್. ಒಳಗೆ ಗ್ರೀಸ್ ಒಣಗಿ ಕಲ್ಲಾಗಿದೆ. ಯಾವ ಗ್ರೀಸ್ ಹಾಕಲಿ?

ಗ್ರೀಸ್ ಗನ್:
ಮಾಮೂಲಿ ಗಟ್ಟಿ ಗ್ರೀಸ್ ಬೇಡ. ಹಲ್ಲು ಅದನ್ನು ಒಮ್ಮೆ ಪಕ್ಕಕ್ಕೆ ತಳ್ಳಿದರೆ ಮತ್ತೆ ವಾಪಸ್ ಬರುವುದಿಲ್ಲ. ಡಬಲ್ ಸೊನ್ನೆ ದರ್ಜೆಯ ಅರೆ ದ್ರವ ಗ್ರೀಸ್ ಕೇಳಿ, ಅದು ಹರಿದು ಬಂದು ತುಂಬಿಕೊಳ್ಳುತ್ತದೆ. ಹಾಕುವ ಮುಂಚೆ ಪಕ್ಕದ ಹೊಂದಾಣಿಕೆ ಬೋಲ್ಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಸ್ಟೀರಿಂಗ್ ಎರಡೂ ಕೊನೆಯವರೆಗೆ ತಿರುಗಿಸಿ ನೋಡಿ, ನಡುವೆ ಎಲ್ಲೂ ಹಿಡಿಯಬಾರದು. ಬಿಚ್ಚಿದ ಮೇಲೆ ಫೋಟೋ ಹಾಕಿ.